ಹಣ್ಣು ಬಂದ ದಾರಿ

ನಂಜನಗೂಡಿಗೆ ಹೋದವರು ಒಂದು ಚಿಪ್ಪು ರಸಬಾಳೆಯನ್ನಾದರೂ ಕೊಳ್ಳದೆ ಮನೆಗೆ ಮರಳುವುದು ಹಿಂದೆ ಅಪರೂಪವಾಗಿತ್ತು. ಪನಾಮಾ ಸೊರಗು ರೋಗವು ತೋಟಗಳನ್ನು ಬಹುಮಟ್ಟಿಗೆ ಅಳಿಸಿದ ಮೇಲೆ ಹಣ್ಣೇ ಅಪರೂಪವಾಯಿತು, ಹೆಸರು ಮಾತ್ರ ಸಮೃದ್ಧವಾಗಿ ಉಳಿಯಿತು. 2005-06ನೇ ಸಾಲಿನಲ್ಲಿ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಹೆಸರಿಗೊಂದು ಕಾನೂನಿನ ಬೇಲಿಯಾಯಿತು. ಆದರೂ ಬುಟ್ಟಿಯ ಮುಂದೆ ನಿಂತ ಗೃಹಿಣಿಗೆ ಆ ಚಿಪ್ಪು ಯಾವ ತೋಟದ್ದೆಂಬುದು ತಿಳಿಯುವುದೆಂತು?

ಇದಕ್ಕೆ ಬ್ಲಾಕ್‌ಚೈನ್ ಎಂಬ ಉಪಾಯವುಂಟೆಂದು ಗಣಕ ವಿದ್ಯೆಯನ್ನು ಕಲಿತ ನಮ್ಮ ಶಿಷ್ಯರೊಬ್ಬರು ಹೇಳಿದರು. ನಾವು ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, ತಿರುಮಕೂಡಲು ನರಸೀಪುರದ ಕಡೆಯಿಂದ ದಾಸೋಹಕ್ಕೆ ಬಂದ ಭತ್ತವನ್ನು ಉಗ್ರಾಣದ ಪುಸ್ತಕದಲ್ಲಿ ಬರೆಯುವ ಸೇವೆ ನಮ್ಮದಾಗಿತ್ತು. ಊರು, ಭಕ್ತರ ಹೆಸರು, ಇಷ್ಟು ಪಲ್ಲ ಎಂದು ಬರೆಯುತ್ತಿದ್ದೆವು. ಆ ಪುಸ್ತಕ ಒಂದೇ ಇತ್ತು. ಹಾಳೆಯೊಂದನ್ನು ಹರಿದು ಬೇರೆ ಹಚ್ಚಿದರೆ ಕೇಳುವವರಿರಲಿಲ್ಲ. ಬ್ಲಾಕ್‌ಚೈನ್ ಎಂಬ ಪುಸ್ತಕವಾದರೋ ಬೆಳೆಗಾರ, ಸಾಗಣೆದಾರ, ವರ್ತಕ ಎಲ್ಲರ ಬಳಿಯೂ ಏಕಕಾಲದಲ್ಲಿರುತ್ತದೆ. ಪ್ರತಿ ಹಾಳೆಯೂ ಹಿಂದಿನ ಹಾಳೆಯ ಗುರುತನ್ನು ಹೊತ್ತಿರುವುದರಿಂದ ನಡುವಿನದೊಂದನ್ನು ತಿದ್ದಿದರೆ ಮುಂದಿನ ಕೊಂಡಿಗಳೆಲ್ಲ ತಪ್ಪಿ, ತಿದ್ದಿದ್ದು ಬಯಲಾಗುತ್ತದೆ.

ಇದು ಬರಿಯ ಮಾತಲ್ಲ. ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು ಹೆಚ್ಚಿಟ್ಟ ಮಾವಿನಹಣ್ಣಿನ ಮೂಲವನ್ನು ಹುಡುಕಲು ಹಳೆಯ ಕ್ರಮದಲ್ಲಿ ಸುಮಾರು 7 ದಿನ ತೆಗೆದುಕೊಂಡಿತ್ತು. ಈ ವಿಧಾನದಿಂದ ಅದು 2.2 ಸೆಕೆಂಡುಗಳಲ್ಲಿ ದೊರೆಯಿತು. ಕೆಟ್ಟ ಸರಕು ಯಾವ ತೋಟದ್ದೆಂದು ಬೇಗ ತಿಳಿದರೆ ಉಳಿದ ರೈತರ ಫಸಲು ತಿಪ್ಪೆಗೆ ಹೋಗುವುದು ತಪ್ಪುತ್ತದೆ. ನಮ್ಮಲ್ಲಿಯೂ ಬೆಂಗಳೂರಿನ ಕಾಫಿ ಮಂಡಳಿಯು 2019ರ ಮಾರ್ಚಿಯಲ್ಲಿ ಕಾಫಿ ಮಾರಾಟಕ್ಕೆ ಇದನ್ನು ಪ್ರಾಯೋಗಿಕವಾಗಿ ಆರಂಭಿಸಿತು.

ಆದರೆ ನಮಗೊಂದು ಸಂದೇಹವುಂಟು. ಬರೆದುದನ್ನು ತಿದ್ದಲಾಗದು, ಸರಿ. ಬರೆಯುವಾಗಲೇ ಸುಳ್ಳನ್ನು ಬರೆದರೆ? ಆ ಸುಳ್ಳೂ ಅಳಿಯದಂತೆ ನಿಲ್ಲುತ್ತದೆ! ನರಸೀಪುರದ ಭತ್ತದ ಪಾಡು ಇನ್ನೂ ಕಷ್ಟ. ಹತ್ತಾರು ಗದ್ದೆಗಳ ಭತ್ತ ಅಕ್ಕಿ ಗಿರಣಿಯಲ್ಲಿ ಒಂದೇ ರಾಶಿಯಾದ ಮೇಲೆ ಯಾವ ಕಾಳು ಯಾರದೆಂದು ಯಂತ್ರವೂ ಹೇಳಲಾರದು. ಪ್ರತ್ಯೇಕವಾಗಿ ಬೀಸಿ, ಪ್ರತ್ಯೇಕ ಚೀಲಕ್ಕೆ ತುಂಬುವ ಗಿರಣಿಯವರು ಎಷ್ಟು ಮಂದಿ ಸಿಕ್ಕಾರು?

ರಸಬಾಳೆಗೆ ಒಂದು ಅನುಕೂಲವಿದೆ. ಬಾಳೆಯ ಗಿಡವೊಂದು ಒಂದೇ ಗೊನೆಯನ್ನು ಬಿಡುತ್ತದೆ. ಇನ್ನೂರು ಗಿಡಗಳ ತೋಟದಿಂದ ಒಂದು ಫಸಲಿನಲ್ಲಿ ಐನೂರು ಗೊನೆಗಳು ಹೊರಟವೆಂದು ಪುಸ್ತಕ ಹೇಳಿದರೆ, ಮುನ್ನೂರು ಬೇರೆಡೆಯವೆಂದು ಶಾಲೆಯ ಮಕ್ಕಳೂ ಲೆಕ್ಕ ಹಾಕಬಲ್ಲರು. ಗೊನೆ ಕಡಿಯುವಾಗಲೇ ಚೀಟಿ ಕಟ್ಟಬೇಕು. ಅದಕ್ಕೂ ಮೊದಲು ಯಾರಾದರೂ ತೋಟಕ್ಕೆ ಹೋಗಿ ಗಿಡಗಳನ್ನು ಎಣಿಸಿ ಬರಬೇಕು. ಈ ಕೆಲಸವನ್ನು ತೋಟಗಾರಿಕೆ ಇಲಾಖೆಯೋ ಬೆಳೆಗಾರರ ಸಂಘವೋ ವಹಿಸಿಕೊಳ್ಳುವುದು ಯುಕ್ತ. ಅದರ ಖರ್ಚನ್ನು ರೈತನ ತಲೆಗೆ ಕಟ್ಟಿದರೆ, ರೋಗದ ಭಯವನ್ನೂ ಹೊತ್ತಿರುವ ಆತ ರಸಬಾಳೆಯ ಗೊಡವೆಯೇ ಬೇಡವೆಂದು ಏಲಕ್ಕಿ ಬಾಳೆಯ ಕಂದು ನೆಡುವನು.