ಚಿಕ್ಕಪ್ಪನ ಜನರೇಟರುಗಳು

ಸಾಗರದ ಸೀಮೆಯಲ್ಲಿ ಹುಟ್ಟಿದವರಿಗೆ ಕರೆಂಟಿನ ಮೇಲೆ ಒಂದು ಬಗೆಯ ಪಿತ್ರಾರ್ಜಿತ ಸಿಟ್ಟು ಇರುತ್ತದೆ. ಜೋಗದ ಬುಡದಲ್ಲಿ ಮಹಾತ್ಮಾ ಗಾಂಧಿ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಲಿಂಗನಮಕ್ಕಿಯ ಅಣೆಕಟ್ಟು ಎದ್ದು ನಿಂತದ್ದು 1964ರಲ್ಲಿ. ಆಮೇಲೆ ಬಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ಸೇರಿದರೆ 1035 ಮೆಗಾವಾಟ್. ನದಿ ನಮ್ಮದು, ಮುಳುಗಿದ ಊರು ನಮ್ಮ ನೆಂಟರದ್ದು, ಆದರೆ ತಂತಿ ಮಾತ್ರ ನಮ್ಮ ತೋಟದ ನೆತ್ತಿಯ ಮೇಲಿಂದ ಸೀದಾ ಬಯಲುಸೀಮೆಗೆ. ಮಳೆ ಹನಿಯುವ ಸಂಜೆಗಳಲ್ಲಿ ಆ ಹೈಟೆನ್ಷನ್ ತಂತಿ ಗುಂಯ್ ಎನ್ನುತ್ತಿತ್ತು. ಅದರ ಕೆಳಗೆ ನಮ್ಮ ಅಜ್ಜಿ ಹಳೇ ಸೀರೆಯ ತುಂಡಿನಿಂದ ಲಾಟೀನಿನ ಗಾಜು ಒರೆಸುತ್ತಿದ್ದಳು. ಒಮ್ಮೆ ತಲೆ ಎತ್ತಿ ತಂತಿ ನೋಡಿ, “ಹೋಗು ಹೋಗು, ಬೆಂಗಳೂರಲ್ಲಿ ಕಾಯ್ತಾ ಇರ್ತಾರೆ” ಅಂದದ್ದು ನನಗೆ ನೆನಪಿದೆ.

ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುತ್ತಿತ್ತು. ಬೇಸಿಗೆಯಲ್ಲಿ ಲೋಡ್ ಶೆಡ್ಡಿಂಗ್ ಎಂದು ಹೋಗುತ್ತಿತ್ತು. ಉಳಿದ ದಿನಗಳಲ್ಲಿ ಕಾರಣ ಹೇಳದೆ ಹೋಗುತ್ತಿತ್ತು. ಈ ಅವ್ಯವಸ್ಥೆಯಿಂದ ಇಡೀ ಊರಿನಲ್ಲಿ ಸಂತೋಷಪಟ್ಟ ಮನುಷ್ಯ ಒಬ್ಬನೇ, ನಮ್ಮ ಚಿಕ್ಕಪ್ಪ.

80ರ ದಶಕದ ಕೊನೆಯ ಹೊತ್ತಿಗೆ ಶ್ರೀರಾಮ್ ಹೋಂಡಾ, ಬಿರ್ಲಾ ಯಮಹಾ ಎಂದು ಕೈಯಲ್ಲಿ ಎತ್ತಿಕೊಂಡು ಹೋಗುವ ಜನರೇಟರುಗಳು ನಮ್ಮ ಕಡೆಯ ಪೇಟೆಗಳಿಗೂ ಬಂದಿದ್ದವು. ಚಿಕ್ಕಪ್ಪ ಹೊಸದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅಡಿಕೆ ರೇಟು ಚೆನ್ನಾಗಿದ್ದ ವರ್ಷದಲ್ಲೂ ನೋಡಲಿಲ್ಲ. “ಹೊಸಾದ್ರಲ್ಲಿ ಎಂತ ಇದೆ? ಹಗ್ಗ ಎಳೆದ್ರೆ ಸ್ಟಾರ್ಟ್ ಆಗ್ತದೆ. ಮುಗೀತು” ಎನ್ನುತ್ತಿದ್ದ. ಸ್ಟಾರ್ಟ್ ಆಗುವುದೊಂದು ದೋಷ ಎಂಬಂತೆ.

ಹಳೇ ಜನರೇಟರ್ ಮಾರಾಟಕ್ಕಿದೆ ಎಂಬ ಸುದ್ದಿ ಸಿಕ್ಕರೆ ಅವನು ಸೊರಬ, ಸಿದ್ದಾಪುರ, ಶಿರಸಿ ಎಂದು ನೋಡದೆ ಹೊರಡುತ್ತಿದ್ದ. ಜೊತೆಗೆ ನಾನು, ಒಂದು ಚೀಲದಲ್ಲಿ ಪ್ಲಗ್ ಸ್ಪ್ಯಾನರ್, ಒಂದು ಹೋಲ್ಡರಿಗೆ ಸಿಕ್ಕಿಸಿದ ನೂರು ಕ್ಯಾಂಡಲ್ ಬಲ್ಬು ಮತ್ತು ಚಿಕ್ಕಮ್ಮನ ಇಸ್ತ್ರಿ ಪೆಟ್ಟಿಗೆ. ಅಲ್ಲಿಗೆ ಹೋದ ಕೂಡಲೇ ಯಾರನ್ನೂ ಮಾತಾಡಿಸದೆ ಮೊದಲು ಸೈಲೆನ್ಸರ್ ಮುಟ್ಟುತ್ತಿದ್ದ. ಬೆಚ್ಚಗಿದ್ದರೆ ಅವನ ಹುಬ್ಬು ಮೇಲೇರುತ್ತಿತ್ತು. ನಾವು ಬರುವ ಮೊದಲೇ ಒಂದು ಸಲ ಓಡಿಸಿ ಬಿಸಿ ಮಾಡಿಟ್ಟಿದ್ದಾರೆ, ತಣ್ಣಗಿದ್ದಾಗ ಇದು ಸುಲಭಕ್ಕೆ ಏಳುವುದಲ್ಲ ಎಂದು ಅರ್ಥ. ಆಗ ಅವನು ವಾದಕ್ಕೆ ಇಳಿಯುತ್ತಿರಲಿಲ್ಲ. “ಒಂದು ಲೋಟ ಚಾ ಸಿಗಬಹುದಾ?” ಎಂದು ಜಗಲಿಯ ಮೇಲೆ ಕೂತುಬಿಡುತ್ತಿದ್ದ. ಚಾ ಮುಗಿದು, ಕವಳ ಹಾಕಿ, ಮಳೆ ಬೆಳೆ ಮಾತಾಡುವಷ್ಟರಲ್ಲಿ ಮೆಷಿನ್ನು ತಣ್ಣಗಾಗಿರುತ್ತಿತ್ತು.

ಆಮೇಲೆ ಹಗ್ಗ. ಬೇರೆಯವರು ಒಂದೇ ಏಟಿಗೆ ಜಗ್ಗುತ್ತಾರೆ. ಅವನು ಮೊದಲು ಮೆಲ್ಲಗೆ ಎಳೆಯುತ್ತಿದ್ದ. ಅರ್ಧ ದಾರಿಯಲ್ಲಿ ಒಂದು ಬಿಗಿ ಸಿಗಬೇಕು, ಕೈಯನ್ನು ತಡೆದು ನಿಲ್ಲಿಸಬೇಕು. ಅದು ಕಂಪ್ರೆಷನ್. ಬಿಗಿಯೇ ಇಲ್ಲದೆ ಹಗ್ಗ ಸರಕ್ಕನೆ ಬಂದರೆ ರಿಂಗೋ ವಾಲ್ವೋ ಸವೆದಿದೆ. ಎದ್ದ ಮೇಲೆ ಹೊಗೆ ನೋಡುತ್ತಿದ್ದ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಕಪ್ಪು ಬಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಕೊನೆಗೆ ಬಲ್ಬು ಹಚ್ಚಿ, ಅದರ ಜೊತೆಗೇ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಹಾಕುತ್ತಿದ್ದ. ಬಲ್ಬು ಒಂದು ಕ್ಷಣ ಮಂಕಾಗಿ ಮತ್ತೆ ಬೆಳಗಬೇಕು. ಮಂಕಾದದ್ದು ಮಂಕಾಗಿಯೇ ಉಳಿದರೆ ಚಿಕ್ಕಪ್ಪನ ಮುಖ ಬೆಳಗುತ್ತಿತ್ತು. ರಿಪೇರಿಗೆ ಕೆಲಸ ಸಿಕ್ಕಿತಲ್ಲ.

ವ್ಯಾಪಾರದಲ್ಲಿ ಮಾತ್ರ ಅವನು ಪೂರ್ತಿ ದಡ್ಡ. ಇಷ್ಟೆಲ್ಲ ಪರೀಕ್ಷೆ ಮಾಡಿ ಹತ್ತು ದೋಷ ಹಿಡಿದವನು, “ಯಾಕೆ ಮಾರ್ತಾ ಇದೀರಿ?” ಎಂಬ ಒಂದು ಪ್ರಶ್ನೆ ಕೇಳಿ ಎಲ್ಲ ಹಾಳು ಮಾಡಿಕೊಳ್ಳುತ್ತಿದ್ದ. ಜನರೇಟರ್ ಮಾರುವವರು ಜನರೇಟರ್ ಕೆಟ್ಟಿತೆಂದು ಮಾರುವುದು ಕಡಿಮೆ. ಒಬ್ಬನ ವಿಡಿಯೋ ಸೆಂಟರಿಗೆ ಕೇಬಲ್ ಟೀವಿ ಬಂದ ಮೇಲೆ ಜನ ಬರುತ್ತಿರಲಿಲ್ಲ. ಇನ್ನೊಬ್ಬನು ತನ್ನ ಅಣ್ಣನ ಜೊತೆ ಪಾಲಿನಲ್ಲಿ ಇಟ್ಟ ಶಾಮಿಯಾನ ಮತ್ತು ಮೈಕ್‌ಸೆಟ್ಟಿನ ಧಂದೆ ಮನೆ ಹಿಸ್ಸೆಯಾದಾಗ ಎರಡು ತುಂಡಾಗಿತ್ತು: ಅಣ್ಣನಿಗೆ ಮೈಕು, ತಮ್ಮನಿಗೆ ಜನರೇಟರು. ಮೈಕಿಲ್ಲದ ಜನರೇಟರ್ ಇಟ್ಟುಕೊಂಡು ತಮ್ಮ ಎರಡು ಮಳೆಗಾಲ ಕಾದಿದ್ದ, ಅಣ್ಣ ಕರೆದಾನೆಂದು. ಸ್ಟುಡಿಯೋ ಇಟ್ಟಿದ್ದ ಒಬ್ಬ ಹಿರಿಯರಂತೂ ದುಡ್ಡು ಎಣಿಸಿಕೊಂಡ ಮೇಲೂ ಮೆಷಿನ್ನಿನ ಹಿಡಿಕೆ ಬಿಡಲಿಲ್ಲ. ಚಿಕ್ಕಪ್ಪ ಒಂದು ಕಡೆ, ಅವರು ಒಂದು ಕಡೆ ಹಿಡಿದು ಬಸ್‌ಸ್ಟಾಪಿನವರೆಗೂ ಬಂದರು. ಇಂಥ ಕಥೆ ಕೇಳಿದ ಮೇಲೆ ಚೌಕಾಶಿ ಮಾಡುವುದು ಹೇಗೆ? ಹೇಳಿದಷ್ಟು ಕೊಟ್ಟು ಬರುತ್ತಿದ್ದ. ಮನೆಯಲ್ಲಿ ಚಿಕ್ಕಮ್ಮನಿಗೆ ಹೇಳುವ ರೇಟು ಬೇರೆ ಇರುತ್ತಿತ್ತು. ಅದನ್ನು ಬಸ್ಸಿನಲ್ಲಿ ನನಗೆ ಬಾಯಿಪಾಠ ಮಾಡಿಸುತ್ತಿದ್ದ.

ತಂದ ಮೆಷಿನ್ನುಗಳ ಮೈಮೇಲೆ ಬಣ್ಣದಲ್ಲಿ ಬರೆದ ಹಳೆಯ ಅಂಗಡಿಯ ಹೆಸರನ್ನು ಅವನು ಅಳಿಸುತ್ತಿರಲಿಲ್ಲ. ಕಾರ್ಬೊರೇಟರ್ ಬಿಚ್ಚಿ ತೊಳೆಯುವನು, ಟ್ಯಾಂಕಿನೊಳಗೆ ಸಣ್ಣ ಜಲ್ಲಿ ಹಾಕಿ ಕುಲುಕಿ ತುಕ್ಕು ಬಿಡಿಸುವನು. ಆ ಹೆಸರಿನ ಜಾಗ ಬಂದರೆ ಬಟ್ಟೆ ಮೆಲ್ಲಗೆ ಹಾಯುತ್ತಿತ್ತು. ಒಂದರ ಮೇಲೆ ‘...ಸೌಂಡ್ಸ್’ ಎಂಬ ಬಾಲ ಮಾತ್ರ ಉಳಿದಿತ್ತು. ಮನೆಯಲ್ಲಿ ಅದರ ಹೆಸರೇ ಸೌಂಡ್ಸ್ ಆಯಿತು. ಹೆಸರಿಗೆ ಮೋಸವಿಲ್ಲದಂತೆ ಅದು ಕೊಟ್ಟಿಗೆಯ ಹಿಂದೆ ಕೂತು ಕಿರುಚುತ್ತಿತ್ತು. ಹಸು ಮಾತ್ರ ಆ ಕಡೆಯ ಗೋಡೆಗೆ ಬೆನ್ನು ಹಾಕಿ ನಿಲ್ಲುವುದನ್ನು ರೂಢಿ ಮಾಡಿಕೊಂಡಿತು.

ರಿಪೇರಿ ಎಂದರೆ ಹೆಚ್ಚಿನ ಸಲ ಕಾರ್ಬೊರೇಟರೇ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಆರಿ ಅಂಟಾಗುತ್ತದೆ. ಜೆಟ್ಟಿನ ರಂಧ್ರ ಕೂದಲೆಳೆಯಷ್ಟು. ಅದು ಕಟ್ಟಿಕೊಂಡರೆ ಎಂಜಿನ್ನು ಒಮ್ಮೆ ಏರಿ ಒಮ್ಮೆ ಇಳಿಯುತ್ತ, ನಿದ್ದೆಗಣ್ಣಿನ ಭಾಗವತರು ಆಲಾಪ ಎಳೆದಂತೆ ರಾತ್ರಿಯಿಡೀ ಎಳೆಯುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿದರೆ ಮಾತ್ರ ಐವತ್ತು ಹರ್ಟ್ಸ್ ಕರೆಂಟು. ಅಷ್ಟು ಸಲ ತಿರುಗುವ ವಸ್ತುವಿಗೆ ಇಷ್ಟು ಸಣ್ಣ ತೂತೇ ಪ್ರಾಣ ಎನ್ನುವುದು ಚಿಕ್ಕಪ್ಪನಿಗೆ ಕೊನೆಯವರೆಗೂ ಅಚ್ಚರಿ. ತಾಮ್ರದ ತಂತಿಯ ಒಂದೇ ಎಳೆಯನ್ನು ತೆಗೆದು, ಉಸಿರು ಹಿಡಿದು, ಆ ತೂತಿನಲ್ಲಿ ತೂರಿಸಿ, ಜೆಟ್ಟನ್ನು ಸೂರ್ಯನಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಆಚೆ ಬೆಳಕಿನ ಚುಕ್ಕೆ ಕಂಡರೆ, “ನೋಡು, ನೋಡು” ಎಂದು ನನ್ನ ಕಣ್ಣಿಗೆ ಹಿಡಿಯುತ್ತಿದ್ದ.

ಒಮ್ಮೆ ಹೀಗಾಯಿತು. ಎಂಜಿನ್ನು ಚೆನ್ನಾಗಿ ಓಡುತ್ತಿದೆ, ಆದರೆ ಬಲ್ಬು ಹತ್ತುತ್ತಿಲ್ಲ. ವರ್ಷಗಟ್ಟಲೆ ಸುಮ್ಮನೆ ನಿಂತ ಮೆಷಿನ್ನಿನ ರೋಟರಿನಲ್ಲಿ ಉಳಿದಿರಬೇಕಾದ ಚೂರು ಅಯಸ್ಕಾಂತ ಶಕ್ತಿಯೂ ಹೋಗಿಬಿಡುತ್ತದಂತೆ. ಆ ಚೂರಿದ್ದರೆ ತಾನೇ ತಾನಾಗಿ ಕರೆಂಟು ಬೆಳೆಯುತ್ತದೆ, ಇಲ್ಲದಿದ್ದರೆ ಎಷ್ಟು ತಿರುಗಿದರೂ ಸೊನ್ನೆ. ಚಿಕ್ಕಪ್ಪ ಹನ್ನೆರಡು ವೋಲ್ಟಿನ ಬ್ಯಾಟರಿ ತಂದು, ಅದರ ಎರಡು ವೈರುಗಳನ್ನು ಫೀಲ್ಡ್ ಕಾಯಿಲಿಗೆ ಹೀಗೆ ಮುಟ್ಟಿಸಿ ಹಾಗೆ ತೆಗೆದ. ಮತ್ತೆ ಓಡಿಸಿದಾಗ ಬಲ್ಬು ಝಗ್ಗೆಂದಿತು. “ಕೆಟ್ಟಿರಲಿಲ್ಲ, ಮರೆತಿತ್ತು ಅಷ್ಟೆ” ಎಂದ. ಒಳಗಿನಿಂದ ಚಿಕ್ಕಮ್ಮ, “ಹಾಗಾದ್ರೆ ಆ ಬ್ಯಾಟರಿ ನಿಮಗೂ ಒಂದ್ಸಲ ಮುಟ್ಟಿಸ್ಕೊಳ್ಳಿ. ಸಕ್ಕರೆ ತರ್ಲಿಕ್ಕೆ ಹೇಳಿ ಮೂರು ದಿನ ಆಯ್ತು” ಎಂದಳು.

ಆ ಕಾಲದ ಕೆಲವು ಮೆಷಿನ್ನುಗಳು ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡುತ್ತಿದ್ದವು. ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬರಬೇಕು, ನಿಲ್ಲಿಸುವ ಮೊದಲು ನೆನಪಿಟ್ಟು ಪೆಟ್ರೋಲಿಗೆ ಮರಳಬೇಕು. ಇಲ್ಲದಿದ್ದರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮಾರನೇ ದಿನ ಎಷ್ಟು ಜಗ್ಗಿದರೂ ಏಳದು. ರೇಷನ್ ಸೀಮೆಎಣ್ಣೆ ಬೇರೆ ಕಡೆ ಹೋಗಬಾರದೆಂದೇ ಸರ್ಕಾರ ಅದಕ್ಕೆ ನೀಲಿ ಬಣ್ಣ ಬೆರೆಸುತ್ತಿತ್ತು. ನಮ್ಮ ಜನರೇಟರಿನ ಟ್ಯಾಂಕಿನ ಬಣ್ಣದ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ.

ಹೀಗೆ ಕಾಕ್ ತಿರುಗಿಸಲು ಪಕ್ಕದಲ್ಲಿ ಯಾರಾದರೂ ಇರಲೇಬೇಕಿತ್ತು. ಇದ್ದದ್ದು ಯಾವಾಗಲೂ ಚಿಕ್ಕಪ್ಪನೇ. 1996ರ ಮಾರ್ಚ್ 9ರಂದು, ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್ಲಿನಲ್ಲಿ ಭಾರತ-ಪಾಕಿಸ್ತಾನ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ ಫ್ಲಡ್‌ಲೈಟಿನಲ್ಲಿ ಹಗಲಾಗಿತ್ತು. ಆ ಬೆಳಕನ್ನು ಕಳಿಸಿಕೊಟ್ಟ ಸೀಮೆಯಲ್ಲಿ ಕತ್ತಲು. ಕೇರಿಯ ಜನವೆಲ್ಲ ನಮ್ಮ ಜಗಲಿಯಲ್ಲಿ. ಅಮೀರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದನಿಗೆ ಬೌಂಡರಿ ಬಾರಿಸಿ, ಬ್ಯಾಟು ಚಾಚಿ ಅತ್ತ ಕಡೆ ತೋರಿಸಿದ. ಸರಿಯಾಗಿ ಆಗಲೇ ಟೀವಿಯ ಚಿತ್ರ ನಾಲ್ಕೂ ಬದಿಯಿಂದ ಕುಗ್ಗಿ ಅಂಗೈಯಷ್ಟಾಗತೊಡಗಿತು. “ಚಿಕ್ಕಪ್ಪಾ!” ಎಂದು ನಾವು ಹತ್ತು ಗಂಟಲು ಒಟ್ಟಿಗೆ ಕೂಗಿದೆವು. ಕೊಟ್ಟಿಗೆಯ ಹಿಂದೆ ಏನು ನಡೆಯಿತೋ, ಎಂಜಿನ್ನು ಒಮ್ಮೆ ಕೆಮ್ಮಿ ದನಿ ಏರಿಸಿತು, ಚಿತ್ರ ಮತ್ತೆ ಅಗಲವಾಯಿತು, ಅಷ್ಟರಲ್ಲಿ ಸೊಹೈಲನ ಸ್ಟಂಪು ಹಾರಿತು. ಜಗಲಿಯಲ್ಲಿ ಎದ್ದ ಕೂಗಿಗೆ ಹೆಂಚು ಅದುರಿರಬೇಕು.

ಗದ್ದಲ ಇಳಿದ ಮೇಲೆ ನಾನು ಹಿಂದೆ ಹೋದೆ. ಚಿಕ್ಕಪ್ಪ ಸೆಗಣಿ ಬುಟ್ಟಿ ಮಗುಚಿಕೊಂಡು ಅದರ ಮೇಲೆ ಕೂತಿದ್ದ. ಒಂದು ಕೈ ಕಾರ್ಬೊರೇಟರಿನ ಚೋಕಿನ ಮೇಲೆ, ಇನ್ನೊಂದರಲ್ಲಿ ಟಾರ್ಚು. “ಔಟಾದ್ನಾ?” ಎಂದು ಕೇಳಿದ. ಹೌದೆಂದೆ. “ಗೊತ್ತಾಯ್ತು. ನೀವೆಲ್ಲ ಕೂಗಿದಾಗ ಇದರ ಶಬ್ದವೇ ಕೇಳ್ಲಿಲ್ಲ, ನಿಂತೇ ಹೋಯ್ತು ಅಂತ ಹೆದರಿದೆ” ಎಂದ. ಆ ಎಸೆತವನ್ನು ಊರಿಗೆಲ್ಲ ತೋರಿಸಿದವನು ತಾನು ನೋಡಲಿಲ್ಲ. ನೋಡಬೇಕೆಂಬ ಆಸೆ ಇದ್ದಂತೆಯೂ ಕಾಣಲಿಲ್ಲ. ಮದುವೆ ಮನೆ, ಬಯಲಾಟ, ಗಣಪತಿ ಪೆಂಡಾಲು ಎಲ್ಲೆಡೆಯೂ ಇದೇ ಕಥೆ. ಆಟಕ್ಕೆ ಅವನ ಜನರೇಟರ್ ಕೇಳಿಕೊಂಡು ಹೋದರೆ ಅವನೂ ಅದರ ಹಿಂದೆಯೇ ಹೋಗುತ್ತಿದ್ದ. ಬೆಳಗಾಗುವ ಹೊತ್ತಿಗೆ ಕೀಚಕ ಸತ್ತನೋ ಇಲ್ಲವೋ ಅವನಿಗೆ ತಿಳಿಯದು. ಚೌಕಿಯ ಆಚೆ ಗದ್ದೆಯ ಬದುವಿನ ಮೇಲೆ ಕೂತು ಚೆಂಡೆಗಿಂತ ಎಂಜಿನ್ನಿನ ತಾಳವನ್ನೇ ಕೇಳಿರುತ್ತಿದ್ದ. ಜನ ವೇಷಧಾರಿಯನ್ನು ಹೊಗಳುತ್ತ ಮನೆಗೆ ಹೊರಟರೆ ಇವನು, “ಒಂದ್ಸಲವೂ ಲೈಟು ಮಿಣುಕ್ಲಿಲ್ಲ, ಗಮನಿಸಿದ್ಯಾ?” ಎನ್ನುತ್ತಿದ್ದ. ಯಾರೂ ಗಮನಿಸಿರುತ್ತಿರಲಿಲ್ಲ. ಮಿಣುಕಿದರೆ ತಾನೇ ಗಮನಿಸುವುದು.

ಈಗ ಕೆಇಬಿ ಹೋಗಿ ಕೆಪಿಟಿಸಿಎಲ್ ಬಂದು, ಅದರಿಂದ ಮೆಸ್ಕಾಂ ಹುಟ್ಟಿ ಎಷ್ಟೋ ಕಾಲವಾಯಿತು. ಚಿಕ್ಕಪ್ಪ ಇನ್ನೂ ಕೆಇಬಿ ಎಂದೇ ಬೈಯುತ್ತಾನೆ. ಮಗ ಇನ್ವರ್ಟರ್ ಹಾಕಿಸಿದ್ದಾನೆ. ಕರೆಂಟು ಹೋದದ್ದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಚಿಕ್ಕಪ್ಪನಿಗೆ ಇದು ಸ್ವಲ್ಪ ಅವಮಾನವೆನಿಸಿದೆ. ಎಷ್ಟೋ ಇರುಳು ಮೆಷಿನ್ನಿನ ಕಡೆಗೇ ಮುಖ ಮಾಡಿದ್ದ ಬಲಗಿವಿ ಈಗ ಅಷ್ಟಾಗಿ ಕೇಳದು. ಮಾತಾಡಿಸಬೇಕೆಂದರೆ ಎಡಕ್ಕೆ ಹೋಗಬೇಕು. ಚಿಕ್ಕಮ್ಮ ಬೈಯುವಾಗ ಮಾತ್ರ ಬಲಗಡೆ ನಿಲ್ಲುತ್ತಾಳೆ. ಅದು ಅವರಿಬ್ಬರ ಒಪ್ಪಂದ.

ಕಳೆದ ದೀಪಾವಳಿಗೆ ನಾನು ಹೋದಾಗ ಅಂಗಳಕ್ಕೆ ಗುಜರಿಯವನ ಗೂಡ್ಸ್ ಆಟೋ ಬಂದಿತ್ತು. ಕೊಟ್ಟಿಗೆ ಖಾಲಿ ಮಾಡಿಸುವ ಪಣ ತೊಟ್ಟು ಚಿಕ್ಕಮ್ಮನೇ ಕರೆಸಿದ್ದಳು. ಅವನು ಸೌಂಡ್ಸನ್ನು ಅಡ್ಡ ಮಲಗಿಸಿ, ಮುಚ್ಚಳ ಬಿಚ್ಚಿ, ಕಾಯಿಲಿನ ವಾರ್ನಿಷ್ಷನ್ನು ಬ್ಲೇಡಿನಿಂದ ಕೆರೆದ. ಒಳಗೆ ಬೆಳ್ಳಗಿದ್ದರೆ ಅಲ್ಯೂಮಿನಿಯಂ, ರೇಟು ಕಡಿಮೆ. ಕೆಂಪು ಕಂಡಿತು. “ತಾಮ್ರ ಉಂಟು. ತೂಕಕ್ಕೆ ಹಾಕ್ತೀನಿ” ಎಂದ. ಚಿಕ್ಕಪ್ಪ ಅವನಿಗೆ ಅಣ್ಣನ ಪಾಲಿಗೆ ಹೋದ ಮೈಕು, ತಮ್ಮ ಕಾದ ಎರಡು ಮಳೆಗಾಲ, ಎಲ್ಲವನ್ನೂ ಮೊದಲಿಂದ ಹೇಳತೊಡಗಿದ. ಅವನು ತಕ್ಕಡಿ ಹಿಡಿದು ನಿಂತು ಪಾಪ ಎಲ್ಲ ಕೇಳಿದ. ಕೇಳಿ, “ಅದಕ್ಕೆಲ್ಲ ತೂಕ ಬರಲ್ಲ ಯಜಮಾನ್ರೇ” ಎಂದ.

ಚಿಕ್ಕಪ್ಪ ಉತ್ತರ ಕೊಡಲಿಲ್ಲ. ಅವನ ಕಣ್ಣು ಆಟೋದ ಮೇಲಿತ್ತು. ಮುರಿದ ಸೈಕಲ್ಲು, ಕುಕ್ಕರುಗಳ ಅಡಿಯಿಂದ ಒಂದು ಕೆಂಪು ಟ್ಯಾಂಕಿನ ಮೂಲೆ ಕಾಣುತ್ತಿತ್ತು. ಎದ್ದು ಹೋಗಿ ಕುಕ್ಕರುಗಳನ್ನು ಸರಿಸಿ, ಸೈಲೆನ್ಸರ್ ಮುಟ್ಟಿ ನೋಡಿದ.

“ಇದಕ್ಕೆಷ್ಟು?”

“ಅದು ಸ್ಟಾರ್ಟ್ ಆಗಲ್ಲ ಯಜಮಾನ್ರೇ.”

“ನಾನು ಕೇಳಿದ್ದು ರೇಟು ಮಾರಾಯಾ,” ಎಂದ ಚಿಕ್ಕಪ್ಪ, ಎಡಗಿವಿಯನ್ನು ಅವನ ಕಡೆ ತಿರುಗಿಸುತ್ತ.