ಗೋಡೆಯ ಬಾಯಿ

ಗೋಡೆಗೂ ಕಿವಿಯಿರುತ್ತದೆಂದು ನಾವು ಹೆಂಗಸರು ಎಷ್ಟು ಸಲ ಪಿಸುಗುಟ್ಟಿಲ್ಲ! ಅದಕ್ಕೆ ಬಾಯಿಯೂ ಇದೆಯೆಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

ಮಣ್ಣಿನ ಮಾಳಿಗೆ ಮನೆ ಬಿಟ್ಟು ಹೊಸ ಆರ್‌ಸಿಸಿ ಮನೆಗೆ ಬಂದಾಗ ಅವ್ವನಿಗೆ ಟಿವಿ ವಾರ್ತೆ ತಿಳಿಯದಾಯಿತು. ಮಗ ದೊಡ್ಡ ಸ್ಪೀಕರ್ ತಂದು ಮೂಲೆಯಲ್ಲಿಟ್ಟ. “ಸಪ್ಪಳ ಕೇಳಸ್ತದ, ಮಾತು ತಿಳಿಯಂಗಿಲ್ಲ” ಎಂದಳು. ಸಪ್ಪಳ ಏರಿಸಿದೆವು, ಮತ್ತದೇ ದೂರು. ಒಂದು ಸಂಜೆ ಬೇಸತ್ತು, “ನಿನ್ನ ಕಿವೀನ ಹೋಗ್ಯಾವ ಬಿಡವ್ವಾ” ಎಂದುಬಿಟ್ಟೆ. ಅಂದಿನಿಂದ ವಾರ್ತೆಯ ಹೊತ್ತಿಗೆ ಅವಳು ಜಪಮಣಿ ಹಿಡಿದು ಒಳಗೇ ಕೂಡತೊಡಗಿದಳು.

ಶಾಲೆಯ ಗ್ಯಾದರಿಂಗ್ ದಿನ ಹಿಂದಿನ ಸಾಲಿನ ಹುಡುಗಿಯರು ಗದ್ದಲವೆಬ್ಬಿಸಿದರು. ಗದರಿಸಲು ಹೋದರೆ, “ಏನೂ ತಿಳಿಯಂಗಿಲ್ರೀ ಟೀಚರ್” ಎಂದರು. ಅಲ್ಲೇ ನಿಂತು ಕೇಳಿದೆ. ನಿಜ! ನುಣ್ಣನೆಯ ಗೋಡೆ, ಟೈಲ್ಸ್ ನೆಲ; ಒಂದು ಮಾತಿನ ಬಾಲ ಮುಂದಿನ ಮಾತಿನ ತಲೆಯ ಮೇಲೆ ಕೂತಿತ್ತು.

ಮೈಕ್‌ಸೆಟ್ಟಿನವನು ಸಪ್ಪಳ ಏರಿಸಲಿಲ್ಲ, ಇಳಿಸಿದ. ಮೂಲೆಯ ಡಬ್ಬಿ ತೆಗೆದು, ಕಂಬದಂಥ ಉದ್ದನೆಯ ಸ್ಪೀಕರನ್ನು ಮಕ್ಕಳತ್ತ ತುಸು ಬಾಗಿಸಿ ಕಟ್ಟಿದ. ಅದರೊಳಗೆ ಸಣ್ಣ ಸ್ಪೀಕರುಗಳು ಒಂದರ ಮೇಲೊಂದು ಇರುತ್ತವೆ. ದನಿ ಅಗಲಕ್ಕೆ ಹರಡುತ್ತದೆ. ಸೂರಿಗೂ ನೆಲಕ್ಕೂ ಬಡಿದು ಮರಳುವುದು ಕಡಿಮೆ. ಮೂಲೆಯಲ್ಲಿಟ್ಟರೆ ಎರಡು ಗೋಡೆಗಳೂ ನೆಲವೂ ಸೇರಿ ದಪ್ಪ ದನಿಯನ್ನೇ ಉಬ್ಬಿಸುತ್ತವೆ. ‘ತ’, ‘ಸ’ದಂಥ ತೆಳು ಅಕ್ಷರಗಳು ಅದರಡಿ ಮುಳುಗುತ್ತವೆ.

ಆಮೇಲೆ ಪುಸ್ತಕ ಹುಡುಕಿ ಓದಿದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೋಣೆಯೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಗುಂಯ್‌ಗುಡುತ್ತಿತ್ತಂತೆ. ವಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕ ರಾತ್ರಿ ಹೊತ್ತು ನಾಟಕಶಾಲೆಯ ಮೆತ್ತೆಗಳನ್ನು ತರಿಸಿ ಹಾಸಿದ. ಮೆತ್ತೆ ಹೆಚ್ಚಿದಂತೆ ಗುಂಗು ಇಳಿಯುವುದನ್ನು ಅಳೆದ. ಗಟ್ಟಿಯಾದದ್ದು ದನಿಯನ್ನು ತಿರುಗಿ ಎಸೆಯುತ್ತದೆ, ಮೆತ್ತನೆಯದು ಹೀರುತ್ತದೆ. ನಮ್ಮ ಹಳೆಯ ಮನೆಯಲ್ಲಿ ಹಾಸಿಗೆಯ ಸುರುಳಿ, ಕಾಳಿನ ಚೀಲ, ಕೌದಿಯ ರಾಶಿ ಇದೇ ಕೆಲಸ ಮಾಡುತ್ತಿದ್ದವು!

ಸ್ಪೀಕರನ್ನು ಮೂಲೆಯಿಂದ ಎಳೆದು ಅವ್ವನ ಕುರ್ಚಿಯ ಹತ್ತಿರ, ಅವಳ ಕಿವಿಯ ಮಟ್ಟಕ್ಕೆ ಇಟ್ಟೆ. ನೆಲಕ್ಕೆ ಜಮಖಾನೆ ಹಾಸಿ, ಬರಿಗೋಡೆಗೆ ಅವಳೇ ಹೊಲಿದ ಕೌದಿಗಳನ್ನು ತೂಗುಹಾಕಿದೆ. ಸಪ್ಪಳ ಅರ್ಧಕ್ಕಿಳಿಸಿ ಅವಳನ್ನು ಕರೆದೆ.

ವಾರ್ತೆ ಮುಗಿಯುವವರೆಗೂ ಕೂತಳು. “ಎಲ್ಲಾ ಅಲ್ಲ, ಮುಕ್ಕಾಲು ತಿಳೀತು. ಹೋದ ಕಿವಿ ತಿರುಗಿ ಬಂದ್ವು ನೋಡು” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಆ ಸಂಜೆ ನಾನಾಡಿದ ಮಾತನ್ನು ಹೀರಿಕೊಳ್ಳುವ ಕೌದಿಯನ್ನು ಎಲ್ಲಿಂದ ತರಲಿ?