ಘಟ್ಟ, ಮಠ, ಬಯಲು: ಪೊಲ್ಯೆನ್ಸಾದ ಸೈಕಲ್ ದಾರಿಗಳು

ಮೆಡಿಟರೇನಿಯನ್ ಸಮುದ್ರದಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಮಯೋರ್ಕಾ ಎಂಬ ದ್ವೀಪವಿದೆ. ಕಡಲತೀರದ ವಿಹಾರಕ್ಕೆ ಅದು ಲೋಕಪ್ರಸಿದ್ಧ. ಆದರೆ ದ್ವೀಪದ ಉತ್ತರ ಭಾಗದ ಪೊಲ್ಯೆನ್ಸಾ ಎಂಬ ಚಿಕ್ಕ ಪಟ್ಟಣಕ್ಕೆ ಪ್ರತಿ ವರ್ಷ ಫೆಬ್ರವರಿಯಿಂದ ಮೇ ತಿಂಗಳವರೆಗೆ ಬರುವ ಅತಿಥಿಗಳ ಬಗೆಯೇ ಬೇರೆ. ಯುರೋಪಿನ ಉತ್ತರ ದೇಶಗಳಲ್ಲಿ ಇನ್ನೂ ಚಳಿ ಕೊರೆಯುತ್ತಿರುವಾಗ, ಇಲ್ಲಿ ಬಾದಾಮಿ ಮರಗಳು ಹೂಬಿಟ್ಟು ಹಿತವಾದ ಬಿಸಿಲು ಬಿದ್ದಿರುತ್ತದೆ. ಆ ಹೊತ್ತಿಗೆ ಸಾವಿರಾರು ಮಂದಿ ಸೈಕಲ್ ಸವಾರರು ಬಂದಿಳಿಯುತ್ತಾರೆ. ಅವರಲ್ಲಿ ಪಂದ್ಯಗಳಿಗೆ ಸಿದ್ಧರಾಗುವ ವೃತ್ತಿಪರರಿದ್ದಾರೆ. ನಿವೃತ್ತ ಶಿಕ್ಷಕರು, ಗುಮಾಸ್ತರು, ಗೃಹಿಣಿಯರೂ ಇದ್ದಾರೆ. ಪಟ್ಟಣದಿಂದ ಹೊರಡುವ ದಾರಿಗಳು ಎಲ್ಲರ ಶಕ್ತಿಗೂ ಒಗ್ಗುವಂತಿವೆ.

ಪೊಲ್ಯೆನ್ಸಾ ಕಡಲ ದಂಡೆಯ ಮೇಲಿಲ್ಲ. ಅದರ ಬಂದರು ಸುಮಾರು 6 ಕಿಲೋಮೀಟರ್ ದೂರದಲ್ಲಿದೆ. ಹಿಂದೆ ಕಡಲ್ಗಳ್ಳರ ಭಯದಿಂದ ದ್ವೀಪದ ಜನರು ಊರನ್ನು ಒಳನಾಡಿನಲ್ಲಿ ಕಟ್ಟಿಕೊಂಡು, ಬಂದರನ್ನು ಮಾತ್ರ ದಡದಲ್ಲಿರಿಸಿದರು. ಆ ಭಯ ಹುಸಿಯಾಗಿರಲಿಲ್ಲ. 1550ರಲ್ಲಿ ದ್ರಾಗುತ್ ಎಂಬ ನಾವಿಕನ ಪಡೆ ರಾತ್ರೋರಾತ್ರಿ ಊರಿಗೆ ನುಗ್ಗಿತು. ಜುವಾನ್ ಮಾಸ್ ಎಂಬಾತನ ಮುಂದಾಳತ್ವದಲ್ಲಿ ಊರವರು ಅದನ್ನು ಎದುರಿಸಿದರು. ಪ್ರತಿ ಆಗಸ್ಟ್ 2ರಂದು ಬೀದಿಗಳಲ್ಲಿ ಅಣಕು ಕಾಳಗ ನಡೆಸಿ ಜನರು ಆ ದಿನವನ್ನು ನೆನೆಯುತ್ತಾರೆ. ಊರ ನಡುವಿನಿಂದ ಕಲ್ವಾರಿ ಎಂಬ ಗುಡ್ಡಕ್ಕೆ, ಸೈಪ್ರಸ್ ಮರಗಳ ಸಾಲಿನ ನಡುವೆ, ವರ್ಷದ ದಿನಕ್ಕೊಂದರಂತೆ 365 ಮೆಟ್ಟಿಲುಗಳಿವೆ. ಶುಭ ಶುಕ್ರವಾರದ ರಾತ್ರಿ ಪಂಜಿನ ಬೆಳಕಿನಲ್ಲಿ ಕ್ರಿಸ್ತನ ಮೂರ್ತಿಯನ್ನು ಈ ಮೆಟ್ಟಿಲುಗಳ ಮೇಲೆ ಮೌನವಾಗಿ ಇಳಿಸಿ ತರುತ್ತಾರೆ. ಗುಡ್ಡದ ನೆತ್ತಿಯ ಪುಟ್ಟ ಪ್ರಾರ್ಥನಾಮಂದಿರದ ಬಳಿ ನಿಂತರೆ ಸುತ್ತಲಿನ ಸೀಮೆಯೆಲ್ಲ ಕಣ್ಣಿಗೆ ಬೀಳುತ್ತದೆ. ಈಶಾನ್ಯಕ್ಕೆ ಕಡಲೊಳಗೆ ಚಾಚಿದ ಭೂಶಿರ, ನೈಋತ್ಯಕ್ಕೆ ಬೆಟ್ಟಸಾಲು, ದಕ್ಷಿಣಕ್ಕೆ ಬಯಲು. ಸೈಕಲ್ ದಾರಿಗಳು ಸಾಗುವುದೂ ಈ ಮೂರು ದಿಕ್ಕುಗಳಿಗೇ.

ಮೊದಲನೆಯದು ಫೋರ್ಮೆಂಟೋರ್ ಭೂಶಿರದ ದಾರಿ. ಬಂದರಿನಿಂದ ತುದಿಯ ದೀಪಸ್ತಂಭದವರೆಗೆ ಸುಮಾರು 20 ಕಿಲೋಮೀಟರ್. ರಸ್ತೆಯು ಏರುತ್ತದೆ, ಪೈನ್ ಮರಗಳ ನೆರಳಿಗೆ ಇಳಿಯುತ್ತದೆ, ಒಂದು ಸುರಂಗವನ್ನು ಹೊಕ್ಕು ಮತ್ತೆ ಬಂಡೆಗಳ ಬಟ್ಟಬಯಲಿಗೆ ಬರುತ್ತದೆ. ಅಲ್ಲಲ್ಲಿ ಕಾಡುಮೇಕೆಗಳು ರಸ್ತೆಗಡ್ಡವಾಗಿ ನಿಂತು ಸವಾರರನ್ನು ನಿರ್ಭಯವಾಗಿ ನೋಡುತ್ತವೆ. 1863ರಲ್ಲಿ ಬೆಳಗಿದ ದೀಪಸ್ತಂಭವು ಸಮುದ್ರಮಟ್ಟದಿಂದ 200 ಮೀಟರಿಗೂ ಮೇಲಿದೆ. ಅದರಾಚೆ ನೀರಲ್ಲದೆ ಬೇರೇನೂ ಇಲ್ಲ. ಕಡಲ ಗಾಳಿ ಇಲ್ಲಿ ಬಲವಾಗಿ ಬೀಸುವುದರಿಂದ, ಇಳಿಜಾರಿನಲ್ಲಿ ಹಿಡಿಕೆಯನ್ನು ಎರಡೂ ಕೈಗಳಿಂದ ಭದ್ರವಾಗಿ ಹಿಡಿದಿರಬೇಕು.

ಎರಡನೆಯದು ತ್ರಮುಂತಾನಾ ಪರ್ವತದ ದಾರಿ. ಸುಮಾರು 90 ಕಿಲೋಮೀಟರ್ ಉದ್ದದ ಈ ಬೆಟ್ಟಸಾಲು ದ್ವೀಪದ ವಾಯವ್ಯ ಅಂಚಿಗೆ ಗೋಡೆಯಂತೆ ನಿಂತಿದೆ. ಪೊಲ್ಯೆನ್ಸಾವನ್ನು ಬಿಟ್ಟ ರಸ್ತೆಯು ಮೊದಲು ಹೊಲತೋಟಗಳ ಕಣಿವೆಯಲ್ಲಿ ನೇರವಾಗಿ ಸಾಗುತ್ತದೆ. ಅನಂತರ ಫೆಮೆನಿಯಾ ಎಂಬ ಘಟ್ಟ ಆರಂಭವಾಗುತ್ತದೆ. 7 ಕಿಲೋಮೀಟರಿಗೂ ಹೆಚ್ಚು ಏರಿ, 515 ಮೀಟರ್ ಎತ್ತರವನ್ನು ಮುಟ್ಟಿದ ಮೇಲೆ ಸವಾರನಿಗೆ ಉಸಿರು ಹಿಂದಿರುಗುತ್ತದೆ. ಅಲ್ಲಿಂದ ಮುಂದೆ, ಪಟ್ಟಣದಿಂದ ಸುಮಾರು 20 ಕಿಲೋಮೀಟರಿನಲ್ಲಿ, ಲ್ಯುಕ್ ಎಂಬ ಪ್ರಾಚೀನ ಕ್ರೈಸ್ತ ಮಠವಿದೆ.

ಲ್ಯುಕ್ ಮಠವು ಮಯೋರ್ಕಾದ ಜನರ ಪಾಲಿಗೆ ಪರಮ ಯಾತ್ರಾಸ್ಥಳ. ಅಲ್ಲಿ ಪೂಜೆಗೊಳ್ಳುವುದು ಮರಿಯಮ್ಮನ ಕಪ್ಪು ಬಣ್ಣದ ಮೂರ್ತಿ. ಕುರಿಗಾಹಿ ಬಾಲಕನೊಬ್ಬನಿಗೆ ಆ ಮೂರ್ತಿ ಕಾಡಿನಲ್ಲಿ ದೊರೆಯಿತೆಂದೂ, ಅದನ್ನು ಹತ್ತಿರದ ಚರ್ಚಿಗೆ ಒಯ್ದಿರಿಸಿದರೆ ಮತ್ತೆ ಮತ್ತೆ ಮೊದಲಿನ ತಾಣಕ್ಕೇ ಮರಳಿತೆಂದೂ, ಆದಕಾರಣ ಅಲ್ಲಿಯೇ ಗುಡಿ ಕಟ್ಟಿದರೆಂದೂ ಐತಿಹ್ಯವಿದೆ. ನಮ್ಮ ಊರುಗಳ ಸ್ಥಳಪುರಾಣಗಳನ್ನು ಕೇಳಿ ಬೆಳೆದವರಿಗೆ ಈ ಕಥೆ ಅಪರಿಚಿತವೆನಿಸದು. ನೀಲಿ ನಿಲುವಂಗಿ ಧರಿಸಿ ಹಾಡುವ ಮಕ್ಕಳ ಗಾಯನ ಪರಂಪರೆ ಇಲ್ಲಿ 1531ರಿಂದ ಬಂದಿದೆ. ರಾಜಧಾನಿ ಪಾಲ್ಮಾದಿಂದ ರಾತ್ರಿಯಿಡೀ ನಡೆದು ಲ್ಯುಕ್ ತಲುಪುವ ಸಾಮೂಹಿಕ ಪಾದಯಾತ್ರೆ 1974ರಲ್ಲಿ ಆರಂಭವಾಯಿತು. ಹಿಂದೆ ಯಾತ್ರಿಕರು ತಂಗುತ್ತಿದ್ದ ಮಠದ ಕೊಠಡಿಗಳಲ್ಲಿ ಈಗ ಸೈಕಲ್ ಸವಾರರೂ ತಂಗುತ್ತಾರೆ. ಅಂಗಳದ ಗೋಡೆಗೆ ಸೈಕಲ್ಲನ್ನು ಒರಗಿಸಿ, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು, ಒಳಗೆ ಎರಡು ನಿಮಿಷ ಸುಮ್ಮನೆ ಕುಳಿತು ಬರುವವರಲ್ಲಿ ಭಕ್ತರೂ ಇರುತ್ತಾರೆ, ಅಲ್ಲದವರೂ ಇರುತ್ತಾರೆ.

ಲ್ಯುಕ್ ದಾಟಿ ಬೆಟ್ಟದೊಳಗೆ ಮುಂದುವರಿದರೆ ಸಾ ಕಲೋಬ್ರಾ ಎಂಬ ಕಡಲಕೊಲ್ಲಿಗೆ ಇಳಿಯುವ ಕವಲು ಸಿಗುತ್ತದೆ. ಸೈಕಲ್ ಸವಾರರ ಬಾಯಲ್ಲಿ ಸದಾ ಇರುವ ಹೆಸರು ಇದು. 682 ಮೀಟರ್ ಎತ್ತರದ ಕಣಿವೆಮುಖದಿಂದ ಸಮುದ್ರದವರೆಗೆ ಸುಮಾರು 9.5 ಕಿಲೋಮೀಟರ್ ಉದ್ದದಲ್ಲಿ 26 ಕಡಿದಾದ ತಿರುವುಗಳಿವೆ. ಸರಾಸರಿ ಏರು ನೂರಕ್ಕೆ ಏಳು. ಎಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಏಳು ಮೀಟರ್ ಮೇಲೇರಬೇಕು. ಕೊಲ್ಲಿಯಿಂದ ಹೊರಬರಲು ಬೇರೆ ರಸ್ತೆಯಿಲ್ಲ. ಇಳಿದವನು ದೋಣಿ ಹಿಡಿಯದಿದ್ದರೆ ಬಂದ ದಾರಿಯನ್ನೇ ಹತ್ತಬೇಕು. ಪೊಲ್ಯೆನ್ಸಾದಿಂದ ಹೋಗಿ ಮರಳುವುದು 80 ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣವಾಗುವುದರಿಂದ, ಇದು ಅಭ್ಯಾಸವುಳ್ಳವರಿಗೆ ಮಾತ್ರ ತಕ್ಕದ್ದು.

ಈ ರಸ್ತೆಯನ್ನು ಯೋಜಿಸಿದವರು ಪಾಲ್ಮಾದ ಎಂಜಿನಿಯರ್ ಆಂತೋನಿ ಪರಿಯೆತ್ತಿ. ಫೋರ್ಮೆಂಟೋರಿನ ರಸ್ತೆಯೂ ಅವರದೇ ಕೃತಿ. 1932ರಲ್ಲಿ ಸಾ ಕಲೋಬ್ರಾ ರಸ್ತೆ ಸಿದ್ಧವಾಗುವವರೆಗೆ ಆ ಕೊಲ್ಲಿಗೆ ದೋಣಿಯೋ ಕಾಲುದಾರಿಯೋ ಗತಿಯಾಗಿತ್ತು. ಪರಿಯೆತ್ತಿಯವರು ಬೆಟ್ಟವನ್ನು ಸುರಂಗದಿಂದ ಸೀಳಲಿಲ್ಲ. ಅದರ ಮೈಯನ್ನು ಅನುಸರಿಸಿ ದಾರಿಯನ್ನು ಬಳಸಿ ಬಳಸಿ ಇಳಿಸಿದರು. ಒಂದು ಕಡೆ ಕಡಿದ ಕಲ್ಲನ್ನು ಮತ್ತೊಂದು ಕಡೆಯ ಹಳ್ಳಕ್ಕೆ ತುಂಬಿಸಿದರು. ಎಲ್ಲಿಯೂ ಜಾಗ ಸಾಲದ ಒಂದು ಸ್ಥಳದಲ್ಲಿ ರಸ್ತೆಯು ಮುಕ್ಕಾಲು ಸುತ್ತು ತಿರುಗಿ ತನ್ನದೇ ಸೇತುವೆಯಡಿ ನುಸುಳುತ್ತದೆ. ಕೊರಳಪಟ್ಟಿಯ ಗಂಟನ್ನು ಹೋಲುವುದರಿಂದ ಅದಕ್ಕೆ ‘ಟೈ ಗಂಟು’ ಎಂದೇ ಹೆಸರು. ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತ ಏರುವವನಿಗೆ ಈ ಜಾಣ್ಮೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. ಏರು ಕಷ್ಟವಾದರೂ ಹೆಚ್ಚುಕಡಿಮೆ ಒಂದೇ ಸಮನಾಗಿರುವುದರಿಂದ ಕಾಲು ತನ್ನ ಲಯವನ್ನು ಕಂಡುಕೊಳ್ಳುತ್ತದೆ.

ಮೂರನೆಯದು ಬಯಲಿನ ದಾರಿ. ಮಕ್ಕಳೊಡನೆ ಬಂದವರಿಗೂ ವಯಸ್ಸಾದವರಿಗೂ ಇದೇ ಹಿತ. ಹಳೆಯ ಕಿರುದಾರಿಗಳು ಕಂಪನೆತ್, ಸಾ ಪೋಬ್ಲಾ, ಮೂರೊ ಎಂಬ ಊರುಗಳನ್ನು ಒಂದಕ್ಕೊಂದು ಪೋಣಿಸಿವೆ. ಇಕ್ಕೆಲದಲ್ಲಿ ಆಲಿವ್, ಅಂಜೂರ, ಬಾದಾಮಿ ಮರಗಳು. ಸಾ ಪೋಬ್ಲಾದ ಸುತ್ತ ಒಂದು ಕಾಲಕ್ಕೆ ಬಾವಿಗಳಿಂದ ನೀರೆತ್ತುತ್ತಿದ್ದ ಗಾಳಿಯಂತ್ರಗಳು ಇಂದಿಗೂ ಹೊಲಗಳಲ್ಲಿ ನಿಂತಿವೆ. ಅಲ್ಲಿನ ಕೆಂಪುಮಣ್ಣಿನ ಆಲೂಗಡ್ಡೆ ಇಂಗ್ಲೆಂಡಿನವರೆಗೆ ಹೋಗುತ್ತದೆ. ಇನ್ನೂ ದಕ್ಷಿಣಕ್ಕೆ ಪೇತ್ರಾ ಎಂಬ ಊರು. ಕ್ಯಾಲಿಫೋರ್ನಿಯಾದಲ್ಲಿ ಕ್ರೈಸ್ತ ನೆಲೆಗಳನ್ನು ಸ್ಥಾಪಿಸಿದ ಜುನಿಪೆರೊ ಸೆರ್ರಾ 1713ರಲ್ಲಿ ಜನಿಸಿದ್ದು ಇಲ್ಲಿ. ಊರ ಚೌಕದ ಕಾಫಿ ಅಂಗಡಿಗಳ ಮುಂದೆ ಮಧ್ಯಾಹ್ನದ ವೇಳೆಗೆ ಸೈಕಲ್ಲುಗಳ ಸಾಲು ಬೆಳೆಯುತ್ತದೆ. ಸ್ಥಳೀಯರಿಗೂ ಈ ವಾಹನ ಹೊಸದಲ್ಲ. ದ್ವೀಪದ ಆಗ್ನೇಯದ ಫೆಲಾನಿಚ್ ಊರಿನ ಗಿಯೆಮ್ ತಿಮೋನೆರ್ 1955ರಿಂದ 1965ರ ನಡುವೆ, ಮೋಟಾರ್ ಸೈಕಲ್ಲಿನ ಬೆನ್ನಹಿಂದೆ ಸೈಕಲ್ ಓಡಿಸುವ ಸ್ಪರ್ಧೆಯಲ್ಲಿ ಆರು ಬಾರಿ ವಿಶ್ವವಿಜೇತರಾದವರು.

ಈ ದಾರಿಗಳ ಬದಿಯಲ್ಲಿ ತಪ್ಪದೆ ಕಾಣುವುದು ಕಲ್ಲುಗೋಡೆ. ಗಾರೆಯಿಲ್ಲ, ಸಿಮೆಂಟಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಕೊಂಡು ನಿಂತಿದೆ. ಬೆಟ್ಟದ ಇಳಿಜಾರಿನಲ್ಲಿ ಈ ಗೋಡೆಗಳೇ ಮಣ್ಣನ್ನು ಹಿಡಿದು, ಆಲಿವ್ ಮರಗಳಿಗೆ ಮೆಟ್ಟಿಲು ಹೊಲಗಳನ್ನು ಒದಗಿಸಿವೆ. ಮಳೆನೀರನ್ನು ಸೋಸಿ ಬಿಡುತ್ತವೆ. ಒಂದು ಕಲ್ಲು ಜಾರಿದಾಗ ಸರಿಪಡಿಸದಿದ್ದರೆ ಮುಂದಿನ ಮಳೆಗೆ ಗೋಡೆಯೇ ಕುಸಿದು ಮಣ್ಣು ರಸ್ತೆಗೆ ಬರುತ್ತದೆ. 2011ರಲ್ಲಿ ಯುನೆಸ್ಕೊ ಸಂಸ್ಥೆಯು ತ್ರಮುಂತಾನಾವನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸಿದ್ದು ರೈತರು ಶತಮಾನಗಳ ಕಾಲ ರೂಪಿಸಿದ ಈ ನೆಲಕ್ಕಾಗಿಯೇ. 2018ರಲ್ಲಿ ಸ್ಪೇನ್ ಮೊದಲಾದ ದೇಶಗಳ ಗಾರೆಯಿಲ್ಲದ ಕಲ್ಲುಕಟ್ಟಡದ ವಿದ್ಯೆಗೂ ಅದೇ ಸಂಸ್ಥೆಯ ಮನ್ನಣೆ ದೊರೆಯಿತು.

ಇಂತಹ ನೆಲಕ್ಕೆ ಅತಿಥಿಗಳ ಸಂಖ್ಯೆಯೇ ಈಗ ಭಾರವಾಗತೊಡಗಿದೆ. 2024ರಲ್ಲಿ ಪಾಲ್ಮಾದ ಬೀದಿಗಳಲ್ಲಿ ಸಾವಿರಾರು ನಿವಾಸಿಗಳು ಮೆರವಣಿಗೆ ಮಾಡಿ, ಮಿತಿಮೀರಿದ ಪ್ರವಾಸೋದ್ಯಮದಿಂದ ತಮ್ಮ ಮಕ್ಕಳಿಗೆ ಬಾಡಿಗೆಯ ಮನೆಯೂ ಎಟುಕದಂತಾಗಿದೆಯೆಂದು ಅಳಲು ತೋಡಿಕೊಂಡರು. ರಸ್ತೆಯ ಮೇಲೂ ಇಕ್ಕಟ್ಟು ಕಾಣುತ್ತದೆ. ಸಾ ಕಲೋಬ್ರಾದ ತಿರುವಿನಲ್ಲಿ ಪ್ರವಾಸಿ ಬಸ್ಸು, ಬಾಡಿಗೆ ಕಾರು, ಸೈಕಲ್ಲು ಒಂದೇ ವೇಳೆಗೆ ಎದುರಾದರೆ ಮೂವರೂ ನಿಲ್ಲಬೇಕಾಗುತ್ತದೆ. ಅನುಭವಿಗಳು ಬೆಳಗಿನ ಜಾವದಲ್ಲೇ ಹೊರಟು, ಬಸ್ಸುಗಳು ಇಳಿಯುವ ಮುನ್ನ ಮೇಲೇರಿಬಿಡುತ್ತಾರೆ. ಫೋರ್ಮೆಂಟೋರಿನಲ್ಲಿ 2018ರಿಂದ ಬೇಸಿಗೆಯ ಹಗಲಿನಲ್ಲಿ ಖಾಸಗಿ ಕಾರುಗಳಿಗೆ ನಿರ್ಬಂಧ ವಿಧಿಸುವ ಕ್ರಮ ಬಂದಿದೆ.

ಅಪಘಾತಗಳೂ ನಡೆದಿವೆ. ಸ್ಪೇನಿನ ಕಾಯಿದೆಯಂತೆ ಸೈಕಲ್ಲನ್ನು ಹಿಂದಿಕ್ಕುವ ವಾಹನವು ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಲೇಬೇಕು. 2022ರಲ್ಲಿ ನಿಯಮಗಳು ಇನ್ನೂ ಬಿಗಿಯಾದವು: ಒಂದೇ ದಿಕ್ಕಿಗೆ ಎರಡು ಪಥಗಳಿದ್ದರೆ ವಾಹನವು ಪೂರ್ತಿಯಾಗಿ ಪಕ್ಕದ ಪಥಕ್ಕೆ ಸರಿಯಬೇಕು. ಸವಾರರು ಇಬ್ಬಿಬ್ಬರಾಗಿ ಜೊತೆಯಲ್ಲಿ ಸಾಗಬಹುದು. ಊರ ಹೊರಗೆ ಹೆಲ್ಮೆಟ್ ಧರಿಸಬೇಕು. ಅಜಾಗರೂಕ ಚಾಲನೆಯಿಂದ ಪ್ರಾಣಹಾನಿ ಮಾಡಿದವರಿಗೆ ಶಿಕ್ಷೆ ಹೆಚ್ಚಿಸುವ ತಿದ್ದುಪಡಿ 2019ರಲ್ಲಿ ಜಾರಿಗೆ ಬಂದಿತು. ಅದರ ಹಿಂದೆ, ಸೈಕಲ್ ತುಳಿಯುತ್ತಿದ್ದ ಪತಿಯನ್ನು ಕಳೆದುಕೊಂಡ ಮಹಿಳೆಯೊಬ್ಬರು ದೇಶದಾದ್ಯಂತ ಸಹಿ ಸಂಗ್ರಹಿಸಿದ ಶ್ರಮವಿತ್ತು. ಪೊಲ್ಯೆನ್ಸಾದ ಘಟ್ಟಗಳಲ್ಲಿ, ಏರುತ್ತಿರುವ ಸವಾರನ ಹಿಂದೆ ತಿರುವು ಮುಗಿಯುವವರೆಗೆ ಹಾರನ್ ಒತ್ತದೆ ನಿಧಾನವಾಗಿ ಬರುವ ಲಾರಿಯನ್ನು ಕಂಡವರಿಗೆ, ಆ ಒಂದೂವರೆ ಮೀಟರಿನಲ್ಲಿ ಒಂದು ಜೀವದ ಉಳಿವಿದೆಯೆಂಬುದು ಮನವರಿಕೆಯಾಗುತ್ತದೆ.

ಹಿಂದಿನಿಂದ ಬರುವವನು ಅಂತರ ಬಿಟ್ಟರೆ ಸಾಲದು. ಮುಂದೆ ಹೋಗುವವನಿಗೂ ಕರ್ತವ್ಯವಿದೆ. ಹಾದಿ ಇಕ್ಕಟ್ಟಾದಾಗ ಒಬ್ಬರ ಹಿಂದೊಬ್ಬರು ಸಾಗುವುದು, ಹೊಲದಿಂದ ಟ್ರ್ಯಾಕ್ಟರ್ ಹೊರಟಾಗ ನಿಂತು ದಾರಿ ಕೊಡುವುದು, ಗೋಡೆಯ ಕಲ್ಲನ್ನು ಕದಲಿಸದಿರುವುದು, ತಿಂದ ತಿಂಡಿಯ ಕಾಗದವನ್ನು ಜೇಬಿನಲ್ಲೇ ತರುವುದು ಅತಿಥಿಯ ಧರ್ಮ. ಪೊಲ್ಯೆನ್ಸಾದ ದಾರಿಗಳ ಚೆಲುವನ್ನು ನಿಸರ್ಗವೊಂದೇ ಕೊಟ್ಟದ್ದಲ್ಲ. ಬೆಟ್ಟಕ್ಕೆ ಬಾಗಿದ ಎಂಜಿನಿಯರ್, ಗೋಡೆ ಕಟ್ಟಿದ ರೈತ, ಬಾಗಿಲು ತೆರೆದಿಟ್ಟ ಮಠ, ವೇಗ ತಗ್ಗಿಸಿದ ಚಾಲಕ ಇವರೆಲ್ಲರೂ ಸೇರಿ ಅದನ್ನು ಉಳಿಸಿದ್ದಾರೆ. ಆ ಸಾಲಿನಲ್ಲಿ ಕೊನೆಯವನಾಗಿ ಬರುವ ಪ್ರವಾಸಿಯೂ ತನ್ನ ಪಾಲನ್ನು ಸಲ್ಲಿಸಿದರೆ, ಮುಂದೆ ಬರುವವರಿಗೂ ಅಲ್ಲಿ ದಾರಿ ಉಳಿದಿರುತ್ತದೆ.